ಕಬ್ಬಿಗೆ ಸವರಿದ ಉಪ್ಪು

ಹೋರಿ ಆರಿಸಲಿಲ್ಲ. ಆರಿಸಿದ್ದು ನಾನು. ಅಕ್ಕನನ್ನೂ ಅವಳ ಎಳೆಗೂಸನ್ನೂ ಯಾವ ದಾರಿಯಲ್ಲಿ ಬೆಟ್ಟಕ್ಕೆ ಕರೆದೊಯ್ಯಬೇಕೆಂದು ದೇವರ ಹೋರಿಯನ್ನು ಕೇಳಿದ ಆ ಬೆಳಿಗ್ಗೆ, ಎರಡು ಕಬ್ಬಿನ ತುಂಡುಗಳಲ್ಲಿ ಒಂದಕ್ಕೆ ನಾನು ಉಪ್ಪು ಸವರಿದ್ದೆ. ಹೋರಿ ಅದನ್ನೇ ತಿಂದಿತು. ಆ ದಾರಿಯಲ್ಲೇ ಹೋದೆವು. ಕೂಸು ಸತ್ತಿತು. ದೋಷವನ್ನು ಅಕ್ಕನ ತಲೆಗೆ ಕಟ್ಟಿದರು. ನಾನು ಸುಮ್ಮನಿದ್ದೆ — ಒಂದು ದಿನವಲ್ಲ, ಒಂದು ವರ್ಷವಲ್ಲ, ನನ್ನ ತಲೆ ಪೂರ್ತಿ ಬೆಳ್ಳಗಾಗುವವರೆಗೆ.

ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ನನಗೇನೂ ಹಗುರಾಗಲಿಲ್ಲ. ಇಷ್ಟು ಹೇಳುವಷ್ಟರಲ್ಲೇ ನಾಲಿಗೆ ಒಣಗಿತು. ಹೊರಗೆ ಯಾರಾದರೂ ಕೆಮ್ಮಿದರೆ ಬೆಚ್ಚಿಬೀಳುತ್ತೇನೆ — ಕೇಳಿಸಿಕೊಂಡರೇನೋ ಎಂದು. ಕೇಳಿಸಿಕೊಳ್ಳಲಿ ಎಂದೇ ಹೇಳುತ್ತಿರುವವನಿಗೆ ಈ ಭಯ ಯಾಕೆ, ನೀವೇ ಹೇಳಿ.

ನಾವು ದಿಂಡುಕಲ್ಲಿನ ಕಡೆಯ ಒಕ್ಕಲು ಮಕ್ಕಳು. ಹೊಲದಲ್ಲಿ, ಸಂತೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಕನ್ನಡ ಸೀಮೆಯಿಂದ ದನಗಳ ಹಿಂದೆಯೇ ನಡೆದುಕೊಂಡು ಬಂದರಂತೆ. ಅದಕ್ಕೇ ಇಂದಿಗೂ ನಮ್ಮ ಕುಲಕ್ಕೊಂದು ದೇವರ ಮಂದೆ ಇದೆ. ಆ ದನಗಳನ್ನು ಯಾರೂ ಗಾಡಿಗೆ ಕಟ್ಟುವುದಿಲ್ಲ, ಅವುಗಳ ಹಾಲನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಮಂದೆಗೆ ಒಂದು ಪಟ್ಟದ ಹೋರಿ. ಮದುವೆಯೋ, ದೂರದ ಪಯಣವೋ, ಮನಸ್ಸು ಎರಡಾದಾಗ ನಮ್ಮವರು ಆ ಹೋರಿಯನ್ನು ಕೇಳುತ್ತಾರೆ. ಕೇಳುವುದೆಂದರೆ — ಎರಡು ಕಬ್ಬಿನ ತುಂಡು ಇಡುವುದು, ಒಂದೊಂದಕ್ಕೆ ಒಂದೊಂದು ದಾರಿಯ ಹೆಸರು ಹೇಳುವುದು, ಹೋರಿ ಯಾವುದನ್ನು ಬಾಯಿಗೆ ತೆಗೆದುಕೊಳ್ಳುತ್ತದೋ ಅದೇ ಅಪ್ಪಣೆ ಎನ್ನುವುದು. ಅದರ ಮೇಲೆ ಎದುರು ಮಾತಿಲ್ಲ.

ಅಕ್ಕ ಕೆಂಚಮ್ಮನನ್ನು ಕೊಟ್ಟಿದ್ದು ಕೊಡೈಕಾನಲ್ಲಿಗೆ. ಭಾವ ಅಲ್ಲಿ ಇಳಿಜಾರಿನಲ್ಲಿ ಒಂದು ತುಂಡು ನೆಲ ಹಿಡಿದು ಆಲೂಗೆಡ್ಡೆ, ಕೋಸು ಬೆಳೆದು ಬಿಳಿಯರ ಬಂಗಲೆಗಳಿಗೆ ಹಾಕುತ್ತಿದ್ದ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಕೂಸು. ಹೆಸರಿಟ್ಟಿರಲಿಲ್ಲ, ಅದು ಗಂಡನ ಮನೆಯಲ್ಲೇ ಆಗಬೇಕು. ಚಿನ್ನಾ, ಪುಟ್ಟಾ ಎಂದು ಬಾಯಿಗೆ ಬಂದದ್ದು ಕರೆಯುತ್ತಿದ್ದೆವು. ನನ್ನ ಹೆಬ್ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ಬಿಸಿಲು ಏರುವ ಕಾಲ ಬಂದಾಗ, ಕೂಸನ್ನು ತಣ್ಣನೆಯ ಜಾಗಕ್ಕೆ ಬೇಗ ಕರೆತನ್ನಿ ಎಂದು ಭಾವ ಹೇಳಿಕಳಿಸಿದ. ಕರೆದುಕೊಂಡು ಹೋಗುವವನು ನಾನು — ಒಬ್ಬನೇ ತಮ್ಮ, ಮೀಸೆ ಆಗತಾನೇ ಬಂದಿತ್ತು, ಅದನ್ನು ತಿರುವುತ್ತಾ ಓಡಾಡುತ್ತಿದ್ದೆ.

ಈಗಿನವರಿಗೆ ಆ ಕಷ್ಟ ಗೊತ್ತಿಲ್ಲ. ದಿಂಡುಕಲ್ಲಿನಿಂದ ರೈಲು ಹತ್ತಿದರೆ ಅಮ್ಮಯ್ಯನಾಯ್ಕನೂರಿನ ಠೇಸನ್ನಿನಲ್ಲಿ ಇಳಿಯಬೇಕು. ಅಲ್ಲಿಂದ ಕೊಡೈಕಾನಲ್ಲಿಗೆ ಹೇಗೆ ಹೋಗುವುದು ಎಂಬುದೇ ದೊಡ್ಡ ಪ್ರಶ್ನೆ. ಎತ್ತಿನ ಗಾಡಿ ಮಾಡಿಕೊಂಡು ವತ್ತಲಗುಂಡು ದಾಟಿ ಬೆಟ್ಟದ ಬುಡ ಸೇರಬೇಕು. ಬುಡ ಸೇರಿದ ಮೇಲೆ ಎರಡು ದಾರಿ. ಅಲ್ಲಿ ಗಾಡಿಗಳು ತಂಗುವ ಮರದ ತೋಪಿನಲ್ಲಿ ಇಳಿದು, ಡೋಲಿ ಹೊರುವವರು ಸಿಗುವವರೆಗೆ ಕಾದು, ಕುದುರೆಗಳು ಹೋಗುವ ಸುತ್ತುದಾರಿಯಲ್ಲಿ ಆರಾಮಾಗಿ ಮೇಲಕ್ಕೆ ಹೋಗುವುದು — ಇದು ಡೋಲಿಯ ದಾರಿ. ಇಲ್ಲವೇ ಪೆರಿಯಕುಳಂ ಕಡೆಗೆ ಹೋಗಿ, ಕೂಲಿಯವರು ಹತ್ತುವ ಕಡಿದಾದ ಕಾಲುದಾರಿ ಹಿಡಿದು, ಬೆಳಿಗ್ಗೆ ಹೊರಟು ಸಂಜೆಗೆ ಮೇಲೆ ಮುಟ್ಟುವುದು. ಅದನ್ನು ಕುರುಕ್ಕು ದಾರಿ ಎನ್ನುತ್ತಿದ್ದರು, ಅಡ್ಡದಾರಿ.

ಡೋಲಿಯಲ್ಲಿ ಸುಖವಿತ್ತು. ಆದರೆ ತೋಪು — ಆ ಹೆಸರು ಕೇಳಿದರೇ ಎಲ್ಲರಿಗೂ ಅಂಜಿಕೆ. ಬೆಟ್ಟದ ಬುಡದಲ್ಲಿ ರಾತ್ರಿ ಮಲಗಿದವರಿಗೆ ಕಾಡುಜ್ವರ ಬಡಿಯುತ್ತದೆ ಎಂದು ಗಾಡಿಯವರೂ ಹೇಳುತ್ತಿದ್ದರು, ಬಿಳಿಯರೂ ಹೇಳುತ್ತಿದ್ದರು. ಬುಡದ ಗಾಳಿ ಕೆಟ್ಟದ್ದು ಎಂದು ಅವರ ನಂಬಿಕೆ. ಗಾಳಿಯೋ, ಸೊಳ್ಳೆಯೋ — ಜ್ವರವಂತೂ ನಿಜ. ಭಾವ ಹೇಳಿಕಳಿಸಿದ ಮಾತೂ ಅದೇ: ತೋಪಿನಲ್ಲಿ ಇರುಳು ತಂಗಬೇಡಿ. ಅದರ ಮೇಲೆ, ಕಂಬಂ ಕಣಿವೆಯ ತುದಿಯಲ್ಲಿ ಪೆರಿಯಾರಿಗೆ ಅಣೆ ಕಟ್ಟುತ್ತಿದ್ದ ವರ್ಷಗಳವು. ಗಟ್ಟಿ ಆಳುಗಳೆಲ್ಲ ಅಲ್ಲಿಗೆ ಹೋಗಿಬಿಟ್ಟಿದ್ದರು. ಡೋಲಿಗೆ ಜನ ಸಿಗುವುದು ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೇ ಇಲ್ಲ.

ಹಾಗಿದ್ದರೆ ನಡೆದೇ ಹೋಗೋಣ ಎಂದು ಅಕ್ಕ ಅಂದಿದ್ದು ಸರಿಯಾಗಿಯೇ ಇತ್ತು. ಹೆರಿಗೆಯಾಗಿ ಮೈ ಗಟ್ಟಿಯಾಗಿತ್ತು, ಬೆಟ್ಟ ಹತ್ತಿ ಇಳಿದು ಅಭ್ಯಾಸವಿತ್ತು. ಬೇಡವೆಂದವನು ನಾನು. ಕೂಸಿಗೆ ಬಿಸಿಲು ತಾಗುತ್ತದೆ, ಕಾಟಿ ಬರುತ್ತದೆ, ಆನೆ ಬರುತ್ತದೆ, ಕಾಲು ಜಾರುತ್ತದೆ — ಬಾಯಿಗೆ ಬಂದ ಕಾರಣವೆಲ್ಲ ಒಡ್ಡಿದೆ. ನಿಜವಾದ ಕಾರಣ ಮಾತ್ರ ಬಾಯಿಂದ ಬರಲಿಲ್ಲ.

ನಿಜವಾದ ಕಾರಣ ಒಂದು ಬಂಡೆ. ಹಿಂದಿನ ವರ್ಷ ಭಾವನ ಜೊತೆ ಆ ಕಾಲುದಾರಿ ಹತ್ತಿದ್ದೆ. ಅರ್ಧ ಬೆಟ್ಟದಲ್ಲಿ ದಾರಿ ಒಂದು ಬಂಡೆಯ ಪಕ್ಕೆ ಹಿಡಿದು ಹೋಗುತ್ತದೆ. ಎದೆಯನ್ನು ಬಂಡೆಗೆ ಒತ್ತಿ ಅಡ್ಡಡ್ಡ ಹೆಜ್ಜೆ ಇಡಬೇಕು. ಬೆನ್ನ ಹಿಂದೆ ಏನೂ ಇಲ್ಲ — ಎಲ್ಲೋ ಆಳದಲ್ಲಿ ಮರದ ತಲೆಗಳು. ಕೂಲಿಯ ಹೆಂಗಸರು ತಲೆಯ ಮೇಲೆ ಮೂಟೆ ಹೊತ್ತು ಹರಟುತ್ತಾ ದಾಟಿದರು. ನಾನು ನಡುವೆ ನಿಂತುಬಿಟ್ಟೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೊಣಕಾಲು ಗಡಗಡ. ಕಣ್ಣು ಮುಚ್ಚಿ ಅವ್ವಾ ಅವ್ವಾ ಎಂದು ಅತ್ತೆ. ಪಂಚೆ ಒದ್ದೆಯಾಯಿತು. ಭಾವ ಹಿಂದಕ್ಕೆ ಬಂದು ನನ್ನ ಮಣಿಕಟ್ಟು ಹಿಡಿದು ಒಂದೊಂದೇ ಹೆಜ್ಜೆ ಇಡಿಸಿ ದಾಟಿಸಿದ. ನಗಲಿಲ್ಲ. ‘ಯಾರ್ಗೂ ಹೇಳಲ್ಲ, ಕಣ್ಣೊರಸ್ಕೊ’ ಅಂದ. ಆ ವರ್ಷವೆಲ್ಲ ಕನಸಿನಲ್ಲಿ ಆ ಬಂಡೆಯೇ. ಈಗ ಅಲ್ಲಿಗೆ ಕೂಸಿನ ಜೊತೆ, ಅಕ್ಕನ ಕಣ್ಣೆದುರು ಹೋಗುವುದೇ? ಕೂಸಿಗಾಗಿ ಹೆದರಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮೊಣಕಾಲಿಗಾಗಿ ಹೆದರಿದೆ, ನನ್ನ ಮೀಸೆಗಾಗಿ ಹೆದರಿದೆ.

ಠೇಸನ್ನಿಗೆ ಹತ್ತಿರದ ಊರಿನಲ್ಲೇ ನಮ್ಮ ದೊಡ್ಡಪ್ಪ ಇದ್ದರು, ದೇವರ ಮಂದೆಯ ಪೂಜಾರಿ. ರೈಲಿಳಿದು ಅವರ ಮನೆಯಲ್ಲಿ ಉಳಿದುಕೊಂಡೆವು. ಅಕ್ಕ ನಡೆದೇ ಹೋಗೋಣ ಅನ್ನುವುದು, ನಾನು ಡೋಲಿ ಅನ್ನುವುದು — ಊಟದ ಹೊತ್ತಿನಲ್ಲೂ ಅದೇ ಜಗಳ. ಕೇಳಿ ಕೇಳಿ ಬೇಸತ್ತ ದೊಡ್ಡಪ್ಪ, ‘ನಿಮ್ ಕಿತ್ತಾಟ ಸಾಕು. ಬೆಳಗ್ಗೆ ಹೋರಿಯ ಕೇಳ್ಬುಡಾನ’ ಎಂದರು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಕರೆದುಕೊಂಡು ಹೋಗುವವನೇ ಮಿಂದು, ಮಾತಾಡದೆ, ಕಬ್ಬು ಇಡಬೇಕು. ಅವನ ಕೈ ಶುದ್ಧ ಎಂದು ಎಲ್ಲರೂ ನಂಬುತ್ತಾರೆ. ನಂಬದೆ ಇರುವುದು ಯಾರಿಗೂ ತೋಚುವುದಿಲ್ಲ. ಇನ್ನೊಂದು — ಬಾಣಂತನದ ಮೈಲಿಗೆ ಪೂರ್ತಿ ಕಳೆಯದ ಹೆಂಗಸು ಮಂದೆಯ ಮುಳ್ಳುಬೇಲಿ ದಾಟಿ ಒಳಗೆ ಬರಬಾರದು. ಅಕ್ಕ ಕೂಸನ್ನೆತ್ತಿಕೊಂಡು ಬೇಲಿಯ ಸಂದಿನಲ್ಲಿ, ಹೊರಗೆ, ನಿಂತಳು.

ದನಗಳಿಗೆ ಉಪ್ಪಿಡುವ ಕಲ್ಲುಬಾನಿ ಒಳಗೆ ಮೂಲೆಯಲ್ಲಿತ್ತು. ಪಟ್ಟದ ಹೋರಿಗೆ ಉಪ್ಪೆಂದರೆ ಪ್ರಾಣ. ಕಬ್ಬು ಹಿಡಿದು ಅದರ ಪಕ್ಕ ಹಾದುಹೋಗುವಾಗ ನನ್ನ ಬಲಗೈ — ನನ್ನ ಕೈ ತಾನಾಗಿಯೇ ಹೋಯಿತು ಎನ್ನಲೇ? ಇಲ್ಲ, ನಾನೇ ಹಾಕಿದೆ. ಹಿಡಿ ತುಂಬ ತೆಗೆದೆ. ಬಾಗಿ ಕಬ್ಬಿಡುವ ನೆಪದಲ್ಲಿ ಡೋಲಿಯ ತುಂಡಿಗೆ ಸವರಿದೆ. ನಡೆಯುವ ದಾರಿಯ ತುಂಡನ್ನು ಎಡಗೈಯಿಂದ ಇಟ್ಟೆ, ಬರಿಯ ಕಬ್ಬು. ಬೆವರು ಕಣ್ಣಿಗಿಳಿಯುತ್ತಿತ್ತು. ದೊಡ್ಡಪ್ಪ ಹಗ್ಗ ಬಿಟ್ಟರು.

ಹೋರಿ ನೇರ ಬಂತು. ಅತ್ತಿತ್ತ ಮೂಸಲೂ ಇಲ್ಲ. ಡೋಲಿಯ ಕಬ್ಬನ್ನು ನೆಕ್ಕಿತು, ಕಚ್ಚಿತು, ಎಲ್ಲರೂ ಕೈಮುಗಿದರು. ಅಕ್ಕ ಮಾತ್ರ ‘ಅಯ್ಯೋ’ ಎಂದಳು. ಅನ್ನುತ್ತಾ ಒಂದು ಹೆಜ್ಜೆ ಮುಂದಿಟ್ಟಳು — ಬೇಲಿಯ ಒಳಗೆ ಒಂದೇ ಒಂದು ಹೆಜ್ಜೆ. ದೊಡ್ಡಮ್ಮ ‘ಏಯ್, ಹಿಂದಕ್ಕೆ ಹೋಗಮ್ಮಾ’ ಎಂದು ಕೂಗಿದರು. ಅಕ್ಕ ಹಿಂದೆ ಸರಿದಳು. ಅಷ್ಟೇ ನಡೆದದ್ದು.

ಹೋರಿ ಆಮೇಲೆ ನನ್ನ ಹತ್ತಿರ ಬಂದು ನನ್ನ ಬಲ ಅಂಗೈಯನ್ನು ನೆಕ್ಕತೊಡಗಿತು. ನಾನು ಸತ್ತೆ ಎಂದುಕೊಂಡೆ. ‘ನೋಡ್ರಪ್ಪಾ, ಸಾಮಿ ಹುಡುಗನ್ ಕೈ ಹಿಡೀತು’ ಎಂದರು ದೊಡ್ಡಪ್ಪ. ಅವರ ಕಣ್ಣಲ್ಲಿ ನೀರು.

ಗಾಡಿಗೆ ಗಂಟು ಏರಿಸುವಾಗ ಅಕ್ಕನ ಬಟ್ಟೆಗಂಟಿನಲ್ಲಿ ಒಂದು ಹೊಸ ನೂಲುಹಗ್ಗ ಕಂಡಿತು. ತೊಟ್ಟಿಲು ಕಟ್ಟಲೇನೋ ಎಂದುಕೊಂಡು ಮತ್ತೆ ಒಳಗೆ ತುರುಕಿದೆ. ಈ ಹಗ್ಗದ ಮಾತು ಆಮೇಲೆ ಬರುತ್ತದೆ.

ತೋಪು ಮುಟ್ಟಿದಾಗ ಡೋಲಿಗಳಿದ್ದವು, ಹೊರುವವರಿರಲಿಲ್ಲ. ಬಿಳಿಯರ ದೊಡ್ಡ ಸಂಸಾರವೊಂದು ಪೆಟ್ಟಿಗೆ, ನಾಯಿ, ಪಿಯಾನೋ ಸಮೇತ ಮೇಲೆ ಹೋಗಿತ್ತಂತೆ, ಇದ್ದ ಆಳುಗಳನ್ನೆಲ್ಲ ಒಯ್ದಿತ್ತಂತೆ. ‘ಇನ್ನಿಕ್ಕಿ ಆಳಿಲ್ಲೆ, ನಾಳೈಕ್ಕಿ ಪಾಕ್ಕಲಾಂ’ ಎಂದ ಮೇಸ್ತ್ರಿ — ಇವತ್ತು ಜನವಿಲ್ಲ, ನಾಳೆ ನೋಡೋಣ ಎಂದು. ಅಕ್ಕ ನನ್ನ ಮುಖ ನೋಡಿದಳು. ‘ಇನ್ನೂ ಹೊತ್ತಿದೆ ತಮ್ಮಾ. ಗಾಡಿ ತಿರುಗಿಸಾನ. ಪೆರಿಯಕುಳದಲ್ಲಿ ಯಾರಾದ್ರೂ ಜಗುಲಿ ಕೊಡ್ತಾರೆ, ಬೆಳಗ್ಗೆ ನಡ್ಕೊಂಡು ಹತ್ತಾನ’ ಎಂದಳು. ಅಲ್ಲಿಯೂ ತಿದ್ದಿಕೊಳ್ಳಬಹುದಿತ್ತು. ಕೇಳುತ್ತಿದ್ದೀರಾ? ಅಲ್ಲಿಯೂ. ನಾನು ಏನೆಂದೆ ಗೊತ್ತೇ?

‘ಸಾಮಿ ಅಪ್ಪಣೆ ಮೀರ್ತೀಯಾ ಅಕ್ಕಾ?’

ಅವಳು ಗಾಡಿಯಿಂದ ಗಂಟು ಇಳಿಸಿದಳು. ಕೂಸಿಗೆ ಸೆರಗು ಹೊದಿಸಿ ಕೂತಳು. ಆ ಇರುಳನ್ನು ತೋಪಿನಲ್ಲೇ ಕಳೆದೆವು. ಕೂಸು ಮಲಗಲೇ ಇಲ್ಲ. ಅದರ ಕೆನ್ನೆಯ ಮೇಲೆ ಕೂತ ಸೊಳ್ಳೆಗಳನ್ನು ಅಕ್ಕ ಬೆಳಗಿನವರೆಗೆ ಓಡಿಸಿದಳು. ನಾನು ಗೊರಕೆ ಹೊಡೆದೆ.

ಮರುದಿನ ಆಳು ಸಿಕ್ಕರು. ಅಕ್ಕ, ಕೂಸು ಡೋಲಿಯಲ್ಲಿ, ನಾನು ಪಕ್ಕದಲ್ಲಿ ನಡೆದೆ. ಅಗಲವಾದ ದಾರಿ, ಎಲ್ಲೂ ಬಂಡೆಯಿಲ್ಲ, ಬೆನ್ನ ಹಿಂದೆ ಆಳವಿಲ್ಲ. ತಂಗಾಳಿ ಬೀಸಿತು. ನನಗೆ ಖುಷಿಯಾಗಿತ್ತು. ಇದನ್ನು ಹೇಳಲೇಬೇಕು — ಆ ದಿನ ನಾನು ದಾರಿಯುದ್ದಕ್ಕೂ ಹಾಡಿಕೊಂಡು ಹೋದೆ. ಮೇಲೆ ಭಾವ ಎದುರು ಬಂದು ಕೂಸನ್ನು ಎತ್ತಿಕೊಂಡ. ‘ತೋಪಲ್ಲಿ ತಂಗಿದ್ರಾ?’ ಎಂದು ಕೇಳಿದ. ಹೋರಿ ಹೇಳಿತು ಎಂದೆ. ಅವನು ನನ್ನನ್ನು ನೋಡಿದ, ಆಮೇಲೆ ಕೂಸಿನ ಹಣೆ ಮುಟ್ಟಿ ನೋಡಿದ.

ಕೆಲವು ದಿನ ಚೆನ್ನಾಗಿಯೇ ಇತ್ತು. ಹೆಸರಿಡಲು ದಿನ ನೋಡಿದ್ದರು. ಆಮೇಲೆ ನನಗೆ ಚಳಿ ಹತ್ತಿತು, ಅಕ್ಕನಿಗೂ ಹತ್ತಿತು. ನಾವು ನಡುಗಿದೆವು, ಕಹಿಮದ್ದು ಕುಡಿದೆವು, ಬೆವತೆವು, ಉಳಿದೆವು. ಕೂಸಿಗೆ ನಡುಗುವ ಶಕ್ತಿಯೂ ಇರಲಿಲ್ಲ. ಮೈ ಕಾದ ಹೆಂಚು. ಮೊಲೆಗೆ ಬಾಯಿ ಹಾಕುವುದನ್ನು ಬಿಟ್ಟಿತು. ನಾನು ಕಂಬಳಿಯೊಳಗಿಂದ ನೋಡುತ್ತಿದ್ದೆ, ದೇವರೇ ನನ್ನನ್ನು ಕರಕೊ ಎಂದೆ — ಆದರೆ ಮೆಲ್ಲಗೆ, ಅವನಿಗೆ ಕೇಳಿಸೀತೆಂದು ಹೆದರಿ. ಹೆಸರಿಡುವ ದಿನಕ್ಕೆ ಮೊದಲೇ ಕೂಸು ಹೋಯಿತು. ಹೆಸರಿಲ್ಲದೆಯೇ ಮಣ್ಣು ಮಾಡಿದರು.

ಸಾವಿನ ಭಯ ಒಂದು ಬಗೆ. ಅದಕ್ಕಿಂತ ದೊಡ್ಡದು ಅಕ್ಕನನ್ನೂ ಕರೆದುಕೊಂಡು ಊರಿಗೆ ಮರಳಿದ ಮೇಲೆ ಕಾದಿತ್ತು. ದೊಡ್ಡಪ್ಪನ ಮನೆ ಅಂಗಳದಲ್ಲಿ ಹಿರಿಯರು ಕೂಡಿದರು. ಹೋರಿ ತೋರಿದ ದಾರಿಯಲ್ಲಿ ಹೋದ ಕೂಸು ಸಾಯುವುದೆಂದರೆ ಏನು? ದೊಡ್ಡಪ್ಪ ಮಂದೆಯ ಕಡೆಗೆ ಕೈಮುಗಿದರು. ‘ಸಾಮಿ ಸುಳ್ಳು ಹೇಳಲ್ಲ. ಕೇಳೋ ಜಾಗದಲ್ಲೇ ಏನೋ ಮೈಲಿಗೆ ಆಗಿದೆ. ಯಾರ್ದು?’ ಎಂದರು.

ಯಾರೂ ಮಾತಾಡಲಿಲ್ಲ. ನನ್ನ ಅಂಗೈ ತುರಿಸುತ್ತಿತ್ತು. ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ದೇವರ ಹೋರಿಗೆ ಮೋಸ ಮಾಡಿದವನನ್ನು ಕುಲದಲ್ಲಿ ಇಟ್ಟುಕೊಳ್ಳುವುದಿಲ್ಲ, ಅವನಿಗೆ ಬೆಂಕಿ ಕೊಡುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಅಷ್ಟರಲ್ಲಿ ಗೋಡೆಯ ಪಕ್ಕದಿಂದ ಅಕ್ಕನ ದನಿ ಬಂತು.

‘ನಾನೇ ದೊಡ್ಡಪ್ಪಾ. ಬೇಲಿ ಒಳಕ್ಕೆ ಕಾಲಿಟ್ಟೆ.’

ಎಲ್ಲರಿಗೂ ನೆನಪಾಯಿತು. ಹೌದು ಹೌದು ಎಂದರು. ದೊಡ್ಡಮ್ಮ ಎದೆ ಬಡಿದುಕೊಂಡರು. ನಾನು ಬಾಯಿ ತೆರೆದೆ. ಎಲ್ಲರೂ ನನ್ನತ್ತ ತಿರುಗಿದರು.

‘ನೀರು ಬೇಕು’ ಅಂದೆ.

ಅಕ್ಕನೇ ಎದ್ದು ಹೋಗಿ ತಂದುಕೊಟ್ಟಳು. ಕುಡಿದೆ.

ಅಂದಿನಿಂದ ಅಕ್ಕ ಮಂದೆಯ ಬೇಲಿಯೊಳಗೆ ಕಾಲಿಡುವಂತಿಲ್ಲ. ಬದುಕಿರುವವರೆಗೆ. ಆಮೇಲೆ ಅವಳಿಗೆ ಗಂಡುಮಕ್ಕಳಾದರು. ಮಕ್ಕಳನ್ನು ಹೋರಿಯ ಪಾದಕ್ಕೆ ಹಾಕಿದ್ದು ಬೇರೆ ಹೆಂಗಸರು, ಅವಳು ಹೊರಗೆ ನಿಂತು ಕತ್ತು ಉದ್ದ ಮಾಡಿ ನೋಡಿದಳು. ಸಂಕ್ರಾಂತಿಯ ಹೊತ್ತಿಗೆ ಬರುವ ತೈ ತಿಂಗಳ ದನದ ಹಬ್ಬಕ್ಕೆ ಪ್ರತಿ ಮನೆಯ ಹೆಣ್ಣುಮಗಳು ಒಂದು ಗಡಿಗೆ ಹಾಲು ತಂದು ಒಳಗೆ ದೇವರ ಕಲ್ಲಿಗೆ ಎರೆಯುತ್ತಾಳೆ. ಅಕ್ಕ ಬೆಟ್ಟದಿಂದ ತಪ್ಪದೆ ಇಳಿದು ಬರುತ್ತಾಳೆ, ಬೇಲಿಯ ಹೊರಗೆ ನಿಲ್ಲುತ್ತಾಳೆ, ಗಡಿಗೆಯನ್ನು ಬೇಲಿಯ ಮೇಲಿಂದ ಚಾಚುತ್ತಾಳೆ. ಯಾರ ಕೈಗೆ? ನನ್ನ ಕೈಗೆ. ‘ನಿನ್ನ ಕೈ ಸಾಮಿ ನೆಕ್ಕಿದ ಕೈ’ ಎನ್ನುತ್ತಾಳೆ. ನಾನು ತೆಗೆದುಕೊಳ್ಳುತ್ತೇನೆ, ಒಳಗೆ ಹೋಗುತ್ತೇನೆ, ಎರೆಯುತ್ತೇನೆ. ಪ್ರತಿ ಸಲವೂ, ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡೇ ಕೈ ಚಾಚುತ್ತೇನೆ. ಗಡಿಗೆ ಕೈಗೆ ಬಂದ ಕೂಡಲೇ ಆ ಅಂಗಳದ ಮೌನ ನೆನಪಾಗುತ್ತದೆ. ದೊಡ್ಡಪ್ಪ ಸತ್ತರು, ದೊಡ್ಡಮ್ಮ ಸತ್ತರು, ಭಾವನೂ ಹೋದ. ಆ ಹೋರಿ ಹೋಗಿ ಎಷ್ಟೋ ಹೋರಿಗಳು ಬಂದವು. ನನ್ನ ಭಯ ಮಾತ್ರ ಸಾಯಲಿಲ್ಲ.

ಈ ಸಲದ ಹಬ್ಬಕ್ಕೆ ಅಕ್ಕನನ್ನು ಕರೆತರಲು ನಾನೇ ಮೇಲೆ ಹೋಗಿದ್ದೆ. ಈಗ ಮೋಟಾರು ರಸ್ತೆಯಾಗಿದೆ. ಠೇಸನ್ನಿನೆದುರು ಬಸ್ಸು ನಿಂತಿರುತ್ತದೆ. ಹತ್ತಿ ಕೂತರೆ ಬೆಟ್ಟದ ಮೇಲೆ, ಕೂತರೆ ಬೆಟ್ಟದ ಕೆಳಗೆ. ಯಾರೂ ಯಾವ ದಾರಿ ಎಂದು ಕೇಳುವುದಿಲ್ಲ. ಅಕ್ಕನಿಗೆ ಕಣ್ಣು ಮಂಜು. ಕಿಟಕಿಯ ಪಕ್ಕ ಕೂತು ಬೆಟ್ಟದ ಪಕ್ಕೆಯನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನಕ್ಕಳು.

‘ಏನಕ್ಕಾ?’

‘ಆ ಕುರುಕ್ಕು ದಾರಿ ಇಲ್ಲೇ ಎಲ್ಲೋ ಅಲ್ವೇನೋ? ಬಂಡೆ ಮ್ಯಾಲೆ ಅವ್ವಾ ಅವ್ವಾ ಅಂತ ಅತ್ತಿದ್ಯಂತಲ್ಲೋ ಮೀಸೆ ರಾಯ! ಪಂಚೆ ಬೇರೆ ಒದ್ದೆ!’

‘ಯಾರು ಹೇಳಿದ್ದು?’ ಎಂದೆ.

‘ಇನ್ಯಾರು, ನಿಮ್ ಭಾವ. ನಾನು ತವರಿಗೆ ಬರೋಕೆ ಮುಂಚೇನೇ ಹೇಳಿದ್ರು. ಅವನಿಗೆ ಬಂಡೆ ಕಂಡ್ರೆ ಬಯ, ಅವನ ಮುಂದೆ ಹೇಳ್ಬೇಡ, ನೊಂದ್ಕೋತಾನೆ, ನೀನೇ ಹಿಡ್ಕೊಂಡು ದಾಟಿಸು ಅಂದ್ರು. ಅದಕ್ಕೇ ಹಗ್ಗ ಹೊಸೆಸಿ ತಂದಿದ್ದೆ. ಕೂಸನ್ನ ಬೆನ್ನಿಗೆ ಕಟ್ಕೊಂಡು, ಹಗ್ಗ ನಿನ್ನ ಸೊಂಟಕ್ಕೊಂದು ನನ್ನ ಸೊಂಟಕ್ಕೊಂದು ಕಟ್ಟಿ, ಕರ್ಕೊಂಡು ಹೋಗಾನ ಅಂತಿದ್ದೆ.’ ಅವಳ ನಗು ನಿಂತಿತು. ‘ಏನ್ ಮಾಡಾದು. ಸಾಮಿ ಬೇರೆ ದಾರಿ ಹೇಳ್ತು. ನಾನು ಕಾಲಿಟ್ಟು ಅದನ್ನೂ ಕೆಡಿಸ್ದೆ.’

ಬಸ್ಸು ತಿರುವಿನಲ್ಲಿ ವಾಲಿತು. ಅವಳು ನನ್ನ ಕೈ ಹಿಡಿದುಕೊಂಡಳು — ಆ ಬಲಗೈಯನ್ನೇ. ‘ಬಯ ಬೇಡ, ನಾನಿದ್ದೀನಿ’ ಎಂದಳು, ತಮಾಷೆಗೆ. ನಾನು ಆಗಲೂ ಹೇಳಲಿಲ್ಲ. ನೋಡಿ, ಇಂಥವನು ನಾನು. ಬಸ್ಸಿನಲ್ಲಿ ಜನವಿದ್ದರು ಎಂದು ಕಾರಣ ಹುಡುಕಿಕೊಂಡೆ.

ನಾನು ಮುಚ್ಚಿಡಲು ಕೂಸನ್ನೇ ಕೊಟ್ಟ ಆ ಗುಟ್ಟು ಅವಳಿಗೆ ಮೊದಲೇ ತಿಳಿದಿತ್ತು. ತಿಳಿದೂ ಒಮ್ಮೆಯೂ ಆಡಿಕೊಂಡಿರಲಿಲ್ಲ. ಹಗ್ಗ ತಂದಿದ್ದಳು. ನಾನೇ ಕೈಯಾರೆ ಅದನ್ನು ಗಂಟಿನೊಳಗೆ ತುರುಕಿದ್ದೆ.

ನಾಳೆ ದನದ ಹಬ್ಬ. ಅಕ್ಕ ಒಳಗಿನ ಕೋಣೆಯಲ್ಲಿ ಗಡಿಗೆ ತೊಳೆದು ಬೋರಲು ಹಾಕಿದ್ದಾಳೆ. ಬೆಳಿಗ್ಗೆ ಬೇಲಿಯ ಹೊರಗೆ ನಿಂತು ನನ್ನತ್ತ ಚಾಚುತ್ತಾಳೆ. ಕುಲದವರೆಲ್ಲ ಇರುತ್ತಾರೆ, ನನ್ನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ನಾನು ಗಡಿಗೆ ತೆಗೆದುಕೊಳ್ಳುವುದಿಲ್ಲ. ಬೇಲಿಯಿಂದ ಹೊರಗೆ ಬಂದು, ಅಕ್ಕಾ, ನೀನು ಒಳಗೆ ಹೋಗು, ನಿನ್ನ ಕೈಯಾರೆ ಎರೆ, ಇಲ್ಲಿ ನಿಲ್ಲಬೇಕಾದವನು ನಾನು ಎನ್ನುತ್ತೇನೆ. ಯಾಕೆ ಎಂದು ಅವಳು ಕೇಳುತ್ತಾಳೆ. ಎಲ್ಲರೂ ನನ್ನತ್ತ ತಿರುಗುತ್ತಾರೆ. ಆಗ ಉಪ್ಪಿನ ಮಾತು ಹೇಳಬೇಕು. ತೋಪಿನಲ್ಲಿ ನಾನಾಡಿದ ಮಾತನ್ನೂ ಹೇಳಬೇಕು. ಕೇಳಿದ ಮೇಲೆ ಅವಳ ಮುಖ ಹೇಗಾಗುತ್ತದೋ — ಅದನ್ನು ನೆನೆಸಿಕೊಂಡರೆ...

ಮೊಣಕಾಲು ಈಗಲೇ ನಡುಗುತ್ತಿದೆ. ಅದೇ ಬಂಡೆ, ಅದೇ ನಡುಕ. ಈ ಸಲ ಹಿಡಿದು ದಾಟಿಸಲು ಅಕ್ಕನ ಕೈಯನ್ನು ನಾನು ಕೇಳುವಂತಿಲ್ಲ.